‘ಹೋಗಿ ಬರ್ತೀನಿ’ ಎನ್ನುವ ಇನ್ನೊಂದು ನುಡಿ

ಕ್ಯೋತೊ ನಗರದ ಗಲ್ಲಿಯೊಂದರ ಸಣ್ಣ ಊಟದಂಗಡಿ. ಕೈಪಿಡಿಯಲ್ಲಿ ಕಲಿತಿದ್ದ ವಾಕ್ಯವನ್ನು ಒಂದಕ್ಷರವೂ ತಪ್ಪದಂತೆ ಹೇಳಿದೆ: ‘ವತಶಿ ವ ಬೆಜಿತರಿಅನ್ ದೆಸು.’ ನಾನು ಸಸ್ಯಾಹಾರಿ. ಅಂಗಡಿಯ ಅಜ್ಜಿ ‘ಹೈ, ಹೈ’ ಎಂದು ತಲೆಯಾಡಿಸಿ ಒಳಗೆ ಹೋದರು. ಸ್ವಲ್ಪ ಹೊತ್ತಿನಲ್ಲಿ ಒಂದು ಬಟ್ಟಲು ಉದೊನ್ ಬಂತು. ದಪ್ಪನೆಯ ಗೋಧಿ ಶಾವಿಗೆ, ಮೇಲೆ ಹೆಚ್ಚಿದ ಈರುಳ್ಳಿಸೊಪ್ಪು, ಹಬೆಯಾಡುವ ತಿಳಿಸಾರು. ಮಾಂಸದ ಚೂರು ಎಲ್ಲೂ ಇಲ್ಲ. ಸಾರಿನ ವಾಸನೆ ಮಾತ್ರ ಮೀನಿನದು.

ಅಜ್ಜಿಯ ತಪ್ಪು ಏನೂ ಇಲ್ಲ. ಜಪಾನೀ ಅಡುಗೆಯ ತಳಪಾಯವೇ ‘ದಶಿ’ ಎಂಬ ತಿಳಿಸಾರು. ಕತ್ಸುಒ ಎಂಬ ಮೀನನ್ನು ಹೊಗೆಯಲ್ಲಿ ಒಣಗಿಸಿ, ಮರದ ಸಿಪ್ಪೆಯಂತೆ ಹೆರೆದ ‘ಕತ್ಸುಒಬುಶಿ’ಯನ್ನು ಬಿಸಿನೀರಿಗೆ ಹಾಕಿ ಸೋಸಿ ತೆಗೆಯುವ ರಸ ಅದು. ಸಾಮಾನ್ಯವಾಗಿ ಜೊತೆಗೆ ಕೊಂಬು ಎಂಬ ಕಡಲಪಾಚಿಯೂ ಇರುತ್ತದೆ. ನಮ್ಮ ಸಾರಿಗೆ ಹುಣಸೆಹುಳಿ ಇದ್ದಂತೆ ಅವರಿಗೆ ದಶಿ. ಅದನ್ನು ಯಾರೂ ಮೀನು ಎಂದು ಎಣಿಸುವುದಿಲ್ಲ. ‘ನಿಕು ನಶಿ’, ಅಂದರೆ ಮಾಂಸ ಬೇಡ, ಎಂದಿದ್ದರೂ ಅದೇ ಬಟ್ಟಲು ಬರುತ್ತಿತ್ತು. ‘ನಿಕು’ ಎಂಬ ಮಾತಿನೊಳಗೆ ಮೀನು ಸೇರುವುದಿಲ್ಲ. ವಾಕ್ಯ ಸರಿಯಿತ್ತು, ಉಚ್ಚಾರ ಸರಿಯಿತ್ತು. ಆದರೂ ನನಗೆ ಬೇಕಾದದ್ದು ಅವರಿಗೆ ತಲುಪಲಿಲ್ಲ. ಪ್ರವಾಸಕ್ಕೆಂದು ಜಪಾನೀ ಕಲಿಯುವ ಇವತ್ತಿನ ಪದ್ಧತಿಯ ಬಗ್ಗೆ ನನಗಿರುವ ಅಸಮಾಧಾನವೆಲ್ಲ ಆ ಬಟ್ಟಲಿನಿಂದ ಶುರುವಾದದ್ದು.

2024ರಲ್ಲಿ ಜಪಾನಿಗೆ ಬಂದ ವಿದೇಶಿಯರು ಸುಮಾರು 3 ಕೋಟಿ 69 ಲಕ್ಷ. ಇವರಿಗಾಗಿ ಕೈಪಿಡಿ, ವಿಡಿಯೊ, ಆಪ್ ರಾಶಿರಾಶಿಯಾಗಿ ಬಂದಿವೆ. ಬಹುಪಾಲು ಎಲ್ಲದರ ಕಟ್ಟೋಣವೂ ಒಂದೇ: ಒಂದು ಕಡೆ ಬಾಯಿಪಾಠದ ವಾಕ್ಯಗಳು, ಇನ್ನೊಂದು ಕಡೆ ‘ಮಾಡಬಾರದು’ಗಳ ಪಟ್ಟಿ. ಎರಡೂ ಇಂಗ್ಲಿಷಿನವರಿಗಾಗಿ ಇಂಗ್ಲಿಷಿನಲ್ಲಿ ತಯಾರಾದವು. ಬೆಂಗಳೂರಿನಿಂದ ನರಿತಾಗೆ ನೇರ ವಿಮಾನ ಹತ್ತುವ ಕನ್ನಡಿಗರೂ ಅದನ್ನೇ ಉರು ಹೊಡೆದು ಹೋಗುತ್ತಾರೆ. ಹೀಗೆ ಕಲಿಯುವಾಗ ನಮ್ಮ ಮನೆಯ ಹಿತ್ತಿಲಿಗೆ ಅಂಟಿಕೊಂಡಿರುವ ತೋಟಕ್ಕೆ ಊರೆಲ್ಲ ಸುತ್ತಿ ಹೋದಂತಾಗುತ್ತದೆ.

ಅಂದು ನಾನು ಕೇಳಬೇಕಾಗಿದ್ದ ವಾಕ್ಯ ಇದು: ‘ಕೊರೆ ನಿ ಕತ್ಸುಒಬುಶಿ ಹೈತ್ತೆ ಇಮಸು ಕ?’ ಬಿಡಿಸಿ ನೋಡಿ. ಕೊರೆ ಎಂದರೆ ಇದು, ನಿ ಎಂದರೆ ‘ಅಲ್ಲಿ’, ಹೈತ್ತೆ ಎಂದರೆ ಸೇರಿ, ಇಮಸು ಎಂದರೆ ಇದೆ, ಕೊನೆಯ ‘ಕ’ ನಮ್ಮ ಪ್ರಶ್ನೆಯ ‘ಆ’. ಇದರಲ್ಲಿ ಕತ್ಸುಒಬುಶಿ ಸೇರಿದೆಯಾ? ಒಂದು ಪದವನ್ನೂ ಜಾಗ ಬದಲಿಸಬೇಕಾಗಿಲ್ಲ. ಇಂಗ್ಲಿಷಿನ ಮೂಲಕ ಬಂದವನು ಈ ವಾಕ್ಯವನ್ನು ತಲೆಕೆಳಗು ಮಾಡಿಕೊಳ್ಳಬೇಕು. ನಾವು ಹೇಳುವಂತೆಯೇ ಹೇಳಿದರೆ ಆಯಿತು. ಕ್ರಿಯಾಪದ ಕೊನೆಗೆ, ವಿಭಕ್ತಿ ನಾಮಪದದ ನಂತರ, ‘ಕರ’ ಎಂದರೆ ಇಂದ, ‘ಮದೆ’ ಎಂದರೆ ವರೆಗೆ. ‘ಕ್ಯೋತೊ ಕರ ನರ ಮದೆ’ ಎಂಬುದನ್ನು ಕ್ಯೋತೊದಿಂದ ನಾರಾವರೆಗೆ ಎಂದು ತಿಳಿಯಲು ವ್ಯಾಕರಣದ ಪಾಠ ಬೇಕೆ?

ಇನ್ನೂ ಒಳಗೆ ಹೋದರೆ ಸಂತೋಷವಾಗುತ್ತದೆ. ‘ತಬೆತೆ ಮಿತೆ ಕುದಸೈ’ ಎಂಬ ಮಾತನ್ನು ಕೈಪಿಡಿಗಳು ‘ದಯವಿಟ್ಟು ಪ್ರಯತ್ನಿಸಿ’ ಎಂಬರ್ಥದ ಇಡಿಗಂಟಾಗಿ ಕೊಡುತ್ತವೆ. ತಬೆತೆ ಎಂದರೆ ತಿಂದು, ಮಿತೆ ಎಂದರೆ ನೋಡಿ. ನಮ್ಮ ಮನೆಯಲ್ಲಿ ಹೋಳಿಗೆ ಬಡಿಸುತ್ತ ‘ತಿಂದು ನೋಡಿ’ ಎನ್ನುವುದು ಇದನ್ನೇ. ಕಣ್ಣಿಂದ ನೋಡುವುದಲ್ಲ, ಮಾಡಿ ನೋಡುವ ನೋಟ ಅದು. ಎರಡು ನುಡಿಗಳೂ ‘ನೋಡು’ ಎಂಬ ಕ್ರಿಯೆಯನ್ನು ಒಂದೇ ಕೆಲಸಕ್ಕೆ ಹಚ್ಚಿವೆ. ಬೆಳಿಗ್ಗೆ ಮನೆ ಬಿಡುವ ಜಪಾನೀಯರು ‘ಇತ್ತೆಕಿಮಸು’ ಎನ್ನುತ್ತಾರೆ: ಇತ್ತೆ, ಹೋಗಿ, ಕಿಮಸು, ಬರುತ್ತೇನೆ. ಮನೆಯಲ್ಲಿರುವವರು ‘ಇತ್ತೆರಶ್ಶೈ’ ಎನ್ನುತ್ತಾರೆ, ಹೋಗಿ ಬನ್ನಿ. ಹೊಸ್ತಿಲಲ್ಲಿ ನಿಂತು ಬರಿಯ ‘ಹೋಗ್ತೀನಿ’ ಎನ್ನಬಾರದೆಂದು ಗದರಿಸಿಕೊಂಡು ಬೆಳೆದವರಿಗೆ ಇದನ್ನು ಕಲಿಸುವ ಅಗತ್ಯವೇ ಇಲ್ಲ, ಗುರುತಿಸಿ ತೋರಿಸಿದರೆ ಸಾಕು. ಸಣ್ಣ ವಸತಿಗೃಹಗಳಲ್ಲಿ ಬೆಳಿಗ್ಗೆ ಹೊರಟ ಅತಿಥಿಗೂ ‘ಇತ್ತೆರಶ್ಶೈ’ ಹೇಳುತ್ತಾರೆ. ಕೈಪಿಡಿಗಳಲ್ಲಿ ಈ ಮಾತನ್ನು ಹುಡುಕಬೇಕು. ಅಂಗಡಿಯಿಂದ ಹೊರಡುವಾಗ ಯಾರೂ ಹೇಳದ ‘ಸಯೋನರ’ ಮಾತ್ರ ಮೊದಲ ಪುಟದಲ್ಲೇ ಸಿಗುತ್ತದೆ.

ಈ ಹೋಲಿಕೆಯನ್ನು ಕಂಡು ರಕ್ತಸಂಬಂಧ ಕಟ್ಟಲು ಹೋಗಬಾರದು. ಜಪಾನಿನ ವಿದ್ವಾಂಸ ಸುಸುಮು ಓನೊ ತಮಿಳಿಗೂ ಜಪಾನೀಗೂ ನಂಟಿದೆ ಎಂದು ವರ್ಷಗಟ್ಟಲೆ ವಾದಿಸಿದರು. ಭಾಷಾವಿಜ್ಞಾನಿಗಳು ಬಹುಮಟ್ಟಿಗೆ ಅದನ್ನು ಒಪ್ಪಲಿಲ್ಲ. ಎರಡು ಮನೆಗಳ ಬಾಗಿಲು ಒಂದೇ ದಿಕ್ಕಿಗಿದ್ದ ಮಾತ್ರಕ್ಕೆ ಮನೆಯವರು ಅಣ್ಣತಮ್ಮಂದಿರಾಗುವುದಿಲ್ಲ. ಕಲಿಯುವವನಿಗೆ ಬಾಗಿಲಿನ ದಿಕ್ಕು ಗೊತ್ತಿದ್ದರೆ ಅಷ್ಟೇ ಬೇಕಾದಷ್ಟು.

ಉಚ್ಚಾರದಲ್ಲಿ ನಮಗೆ ಆಗುತ್ತಿರುವ ನಷ್ಟ ಇನ್ನೂ ದೊಡ್ಡದು. ಜಪಾನೀ ಹ್ರಸ್ವ-ದೀರ್ಘ, ಒತ್ತು, ಮಾತ್ರೆಗಳ ಲೆಕ್ಕದ ಮೇಲೆ ನಿಂತ ನುಡಿ. ‘ಒಬಸನ್’ ಅತ್ತೆ-ಚಿಕ್ಕಮ್ಮನಾದರೆ ‘ಒಬಾಸನ್’ ಅಜ್ಜಿ. ‘ಬ್ಯೋಇನ್’ ಆಸ್ಪತ್ರೆ, ‘ಬಿಯೋಇನ್’ ಕೂದಲು ಸಿಂಗರಿಸುವ ಅಂಗಡಿ. ‘ಕಿತೆ’ ಎಂದರೆ ಬಂದು, ‘ಕಿತ್ತೆ’ ಎಂದರೆ ಅಂಚೆಚೀಟಿ. ರೋಮನ್ ಲಿಪಿಯ ಕೈಪಿಡಿಗಳಲ್ಲಿ ದೀರ್ಘದ ಗೆರೆ ಎಷ್ಟೋ ಸಲ ಬಿದ್ದುಹೋಗಿರುತ್ತದೆ. ಕನ್ನಡ ಲಿಪಿಗೆ ಈ ತಾಪತ್ರಯವೇ ಇಲ್ಲ. ಎ-ಏ, ಒ-ಓ ಭೇದ, ಒತ್ತಕ್ಷರ, ಎಲ್ಲ ನಮ್ಮ ಕೈಯಲ್ಲೇ ಇವೆ. ಆದರೂ ನಾವು ಇಂಗ್ಲಿಷನ್ನು ನೋಡಿ ‘ಟೋಕಿಯೊ’ ಎಂದು ಬರೆದು ಹಾಗೆಯೇ ಅನ್ನುತ್ತೇವೆ. ಆ ಊರಿನವರು ಹೇಳುವುದು ‘ತೋಕ್ಯೋ’. ಅವರ ನಾಲಿಗೆಯಲ್ಲಿ ನಮ್ಮ ‘ಟ’ ಇಲ್ಲ, ‘ತ’ ಮಾತ್ರ.

ಲಿಪಿಯ ಭಯವನ್ನೂ ಹೀಗೆಯೇ ಕಳೆಯಬಹುದು. ಹಿರಗನ, ಕತಕನ ಎಂಬ ಎರಡು ಅಕ್ಷರಮಾಲೆಗಳಲ್ಲಿ ತಲಾ 46 ಮೂಲಾಕ್ಷರಗಳಿವೆ. ಅವುಗಳ ಸಾಲು: ಅ ಇ ಉ ಎ ಒ, ಆಮೇಲೆ ಕ ಸ ತ ನ ಹ ಮ ಯ ರ ವ. ನಮ್ಮ ವರ್ಣಮಾಲೆಯ ನೆರಳು ಕಾಣಲಿಲ್ಲವೆ? ಕಾಣಲೇಬೇಕು. ಬೌದ್ಧ ಭಿಕ್ಷುಗಳು ಸಿದ್ಧಂ ಲಿಪಿಯಲ್ಲಿ ಸಂಸ್ಕೃತ ಮಂತ್ರಗಳನ್ನು ಕಲಿತರು. ಆ ಓದಿನ ಜೊತೆಗೆ ಹೋದ ಕ್ರಮ ಇದು. ಈಗಿನ ‘ಹ’ ಸಾಲು ಹಿಂದೆ ‘ಪ’ ಆಗಿತ್ತು ಎಂದು ತಿಳಿದರೆ ಪ-ಮ ಅಕ್ಕಪಕ್ಕ ಬಂದದ್ದೂ ಅರ್ಥವಾಗುತ್ತದೆ. ಪ್ರವಾಸಿಗೆ ಕಂಜಿ ಎಂಬ ಸಾವಿರಾರು ಚೀನೀ ಅಕ್ಷರಗಳು ಬೇಡ. ಕತಕನವನ್ನು ಒಂದು ವಾರ ತಿದ್ದಿದರೆ ಸಾಕು, ತಿನಿಸುಪಟ್ಟಿಯ ಅರ್ಧ ತೆರೆದುಕೊಳ್ಳುತ್ತದೆ, ಯಾಕೆಂದರೆ ಹೊರಗಿನಿಂದ ಬಂದ ಪದಗಳನ್ನು ಅದರಲ್ಲೇ ಬರೆಯುವುದು. ಅಲ್ಲಿಯೂ ಒಂದು ಗುರುತಿನ ಮುಖ ಕಾಣುತ್ತದೆ. ನಾವು ಬಸ್ಸು, ಬೀರು, ಗ್ಲಾಸು ಎಂದು ಕೊನೆಗೆ ‘ಉ’ ಸೇರಿಸಿ ಪರಭಾಷೆಯ ಪದವನ್ನು ಮನೆಗೆ ಸೇರಿಸಿಕೊಂಡಂತೆ ಅವರು ಬಸು, ಬೀರು, ಗುರಸು ಎನ್ನುತ್ತಾರೆ.

ಕೈಪಿಡಿಗಳ ನಿಜವಾದ ದೋಷ ಬೇರೆ ಇದೆ. ಅವು ಕೇಳಲು ಕಲಿಸುತ್ತವೆ, ಕೇಳಿಸಿಕೊಳ್ಳಲು ಕಲಿಸುವುದಿಲ್ಲ. ಕೊಂಬಿನಿ ಎಂದು ಕರೆಯುವ ಇಪ್ಪತ್ತನಾಲ್ಕು ಗಂಟೆಯ ಅಂಗಡಿಗೆ ಹೋಗಿ. ನೀವು ಬಾಯಿ ತೆರೆಯುವ ಮೊದಲೇ ಅವರು ಮೂರು ಪ್ರಶ್ನೆ ಕೇಳಿರುತ್ತಾರೆ. ‘ಫುಕುರೊ’ ಎಂಬ ಪದ ಕಿವಿಗೆ ಬಿದ್ದರೆ ಚೀಲ ಬೇಕೇ ಎಂದು. 2020ರ ಜುಲೈಯಿಂದ ಪ್ಲಾಸ್ಟಿಕ್ ಚೀಲಕ್ಕೆ ದುಡ್ಡು ಕೊಡಬೇಕು. ‘ಅತತಮೆಮಸು ಕ’ ಎಂದರೆ ಬಿಸಿ ಮಾಡಲೇ ಎಂದು. ‘ಪೊಇಂತೊ ಕಾದೊ’ ಎಂದರೆ ಅಂಗಡಿಯ ಪಾಯಿಂಟ್ ಕಾರ್ಡು. ಇವಿಷ್ಟನ್ನು ಕಿವಿಗೆ ಪಳಗಿಸಿ, ಬೇಡವಾದರೆ ‘ದೈಜೋಬು ದೆಸು’ ಎಂದರೆ ದಿನದ ವ್ಯವಹಾರದ ಬಹುಪಾಲು ಮುಗಿಯಿತು. ಜಪಾನ್ ಫೌಂಡೇಶನ್ 2020ರಲ್ಲಿ ಹೊರತಂದ ‘ಇರೊದೊರಿ’ ಪಠ್ಯಪುಸ್ತಕ ಅಲ್ಲಿ ನೆಲೆಸಿ ದುಡಿಯುವ ವಿದೇಶಿಯರಿಗಾಗಿ ಮಾಡಿದ್ದು, ಪುಕ್ಕಟೆ ಸಿಗುತ್ತದೆ. ಪ್ರವಾಸಿಗೆಂದು ಬರೆದದ್ದಲ್ಲದಿದ್ದರೂ ಅದರ ಮೊದಲ ಭಾಗದ ಧ್ವನಿಪಾಠಗಳು ಪ್ರವಾಸದ ಕೈಪಿಡಿಗಳಿಗಿಂತ ಎಷ್ಟೋ ಮೇಲು. ಅಲ್ಲಿ ಮೊದಲು ಕಿವಿ, ಆಮೇಲೆ ಬಾಯಿ.

ಕಿವಿ ಪಳಗಿದಾಗ ಮಾತು-ಮರ್ಯಾದೆ ಎರಡೂ ಒಂದೇ ಪಾಠವೆಂದು ತಿಳಿಯುತ್ತದೆ. ‘ಹೈ’ ಎಂದರೆ ಹೌದು ಎನ್ನುತ್ತದೆ ಕೈಪಿಡಿ. ಆ ಅಜ್ಜಿ ಎರಡು ಸಲ ‘ಹೈ’ ಎಂದದ್ದು ಒಪ್ಪಿಗೆಯಲ್ಲ, ಹ್ಞೂಂಗುಟ್ಟಿದ್ದು. ಕತೆ ಹೇಳುವವರಿಗೆ ಹ್ಞೂಂಗುಟ್ಟದಿದ್ದರೆ ಕತೆ ನಿಲ್ಲುತ್ತದೆ ಎಂದು ಗೊತ್ತಿರುವ ನಾವು ಇದನ್ನು ಬೇಗ ಹಿಡಿಯಬಲ್ಲೆವು. ಏನನ್ನೋ ಕೇಳಿದಾಗ ಎದುರಿನವರು ‘ಚೊತ್ತೊ...’ ಎಂದು ಎಳೆದು ನಿಲ್ಲಿಸಿದರೆ, ನಮ್ಮ ಹಿರಿಯರು ‘ನೋಡೋಣ’ ಎಂದಂತೆ: ಆಗುವುದಿಲ್ಲ ಎಂದರ್ಥ, ಮತ್ತೆ ಒತ್ತಾಯಿಸಬಾರದು. ‘ಸುಮಿಮಸೆನ್’ ಕ್ಷಮೆಗೂ ಕೃತಜ್ಞತೆಗೂ ಒಬ್ಬರನ್ನು ಕರೆಯುವುದಕ್ಕೂ ಬರುವ ಮಾತು. ಅದರ ಬೇರು ‘ಸುಮು’, ಮುಗಿಯುವುದು, ತೀರುವುದು. ಸುಮಿಮಸೆನ್ ಎಂದರೆ ತೀರುವುದಿಲ್ಲ. ಋಣ ತೀರದು ಎಂಬ ನಮ್ಮ ಮಾತಿನ ಪಕ್ಕದಲ್ಲಿಟ್ಟರೆ ಮೂರು ಅರ್ಥಗಳೂ ಒಂದೇ ಎಳೆಯಲ್ಲಿ ಸಿಗುತ್ತವೆ.

ಕನ್ನಡ ದಾರಿ ತಪ್ಪಿಸುವ ಕಡೆಯೂ ಇದೆ, ಅದನ್ನು ಮುಚ್ಚಿಡುವುದು ಅಪ್ರಾಮಾಣಿಕತೆ. ನಮಗೆ ‘ನೀವು’ ಎಂದರೆ ಗೌರವ ಬಂದುಬಿಟ್ಟಿತು. ಕೈಪಿಡಿಗಳು ಇದಕ್ಕೆ ‘ಅನತ’ ಎಂಬ ಪದ ಕೊಡುತ್ತವೆ. ಅಲ್ಲಿ ಅದನ್ನು ಅಪರಿಚಿತರಿಗೂ ಹಿರಿಯರಿಗೂ ನೇರವಾಗಿ ಹೇಳುವುದು ಒರಟು. ಹೆಸರಿಗೆ ‘ಸನ್’ ಸೇರಿಸಬೇಕು, ಇಲ್ಲವೆ ಕರ್ತೃಪದವನ್ನೇ ಬಿಡಬೇಕು. ನಮ್ಮ ಕ್ರಿಯಾಪದ ಬಂದವನು ಯಾರೆಂದು ಹೇಳುತ್ತದೆ. ಅವರದು ಹೇಳುವುದಿಲ್ಲ, ಸಂದರ್ಭದಿಂದ ಊಹಿಸಬೇಕು. ವಸ್ತುಗಳನ್ನು ಎಣಿಸುವಾಗ ಚಪ್ಪಟೆಯದಕ್ಕೆ ಒಂದು, ಉದ್ದದ್ದಕ್ಕೆ ಇನ್ನೊಂದು ಪ್ರತ್ಯಯ. ಇಲ್ಲಿ ಕನ್ನಡದ ಆಸರೆಯಿಲ್ಲ, ಉರು ಹೊಡೆಯಲೇಬೇಕು.

ಇನ್ನು ‘ಮಾಡಬಾರದು’ಗಳ ಪಟ್ಟಿ. ಅನ್ನದಲ್ಲಿ ಊಟದ ಕಡ್ಡಿಗಳನ್ನು ನೆಟ್ಟಗೆ ಚುಚ್ಚಬಾರದು, ಕಡ್ಡಿಯಿಂದ ಕಡ್ಡಿಗೆ ತಿನಿಸು ದಾಟಿಸಬಾರದು ಎಂದು ಎಲ್ಲರೂ ಬರೆಯುತ್ತಾರೆ. ಯಾಕೆಂದು ಬರೆಯುವವರು ಕಡಿಮೆ. ಸತ್ತವರ ತಲೆಯ ಬಳಿ ಇಡುವ ಅನ್ನದಲ್ಲಿ ಕಡ್ಡಿ ನೆಡುತ್ತಾರೆ. ದಹನವಾದ ಮೇಲೆ ಬಂಧುಗಳು ಕಡ್ಡಿಗಳಿಂದ ಅಸ್ಥಿ ಆಯುತ್ತಾರೆ. ಪಿಂಡ, ಅಸ್ಥಿಸಂಚಯನ ಕಂಡಿರುವ ನಮಗೆ ಕಾರಣ ಹೇಳಿಬಿಟ್ಟರೆ ಜನ್ಮದಲ್ಲಿ ಮರೆಯುವುದಿಲ್ಲ. ಬಿಸಿನೀರ ಬುಗ್ಗೆಗೆ ಇಳಿಯುವ ಮೊದಲು ಸಣ್ಣ ಸ್ಟೂಲಿನ ಮೇಲೆ ಕೂತು ಸೋಪು ಹಚ್ಚಿ ಮೈ ತೊಳೆದಿರಬೇಕು ಎಂಬುದೂ ಹಾಗೆಯೇ: ಸ್ನಾನ ಹೊರಗೆ, ಕೊಳ ನೆನೆಯುವುದಕ್ಕೆ. ಕಾರಣವಿಲ್ಲದ ಪಟ್ಟಿ ಬರಿಯ ಹೆದರಿಕೆ ಹುಟ್ಟಿಸುತ್ತದೆ. ಪಟ್ಟಿ ಹಳಸುವುದೂ ಉಂಟು. ಎಸ್ಕಲೇಟರಿನಲ್ಲಿ ತೋಕ್ಯೋದಲ್ಲಿ ಎಡಕ್ಕೆ, ಓಸಕದಲ್ಲಿ ಬಲಕ್ಕೆ ನಿಲ್ಲಬೇಕೆಂದು ಇವತ್ತಿಗೂ ಬರೆಯುತ್ತಾರೆ. ಸೈತಮ ಪ್ರಾಂತ್ಯ 2021ರಲ್ಲಿ, ನಗೊಯ ನಗರ 2023ರಲ್ಲಿ, ಎಸ್ಕಲೇಟರಿನ ಮೇಲೆ ನಡೆಯದೆ ನಿಂತೇ ಸಾಗಬೇಕೆಂದು ನಿಯಮ ತಂದವು. ಹಾಗೆ ನಿಂತರೆ ನಡೆಯುವವರಿಗೆಂದು ಒಂದು ಬದಿ ಖಾಲಿ ಬಿಡುವ ಮಾತೇ ಇಲ್ಲ.

ಅದಕ್ಕಿಂತ ನನ್ನನ್ನು ಕಾಡುವುದು ಪಟ್ಟಿಯಲ್ಲಿ ಇಲ್ಲದ್ದು. ಎಷ್ಟು ಡಿಗ್ರಿ ಬಾಗಬೇಕೆಂದು ಚಿತ್ರ ಬರೆದು ತೋರಿಸುವವರು, ಅಲ್ಲಿನ ಜನ ನಿಜವಾಗಿ ನೊಂದುಕೊಂಡಿರುವುದು ಯಾತಕ್ಕೆ ಎಂದು ಹೇಳುವುದಿಲ್ಲ. ಕ್ಯೋತೊದ ಗಿಒನ್ ಬಡಾವಣೆಯ ಖಾಸಗಿ ಗಲ್ಲಿಗಳಿಗೆ 2024ರಲ್ಲಿ ಪ್ರವಾಸಿಗರನ್ನು ನಿರ್ಬಂಧಿಸಿ, ಹೊಕ್ಕರೆ 10,000 ಯೆನ್ ದಂಡವೆಂದು ಫಲಕ ಹಾಕಿದರು. ಕೆಲಸಕ್ಕೆ ಹೊರಟ ಗೇಯ್ಕೊ ಎಂಬ ಕಲಾವಿದೆಯರನ್ನು ಅಡ್ಡಗಟ್ಟಿ ಫೋಟೊ ತೆಗೆದದ್ದರ ಫಲ ಅದು. ಅದೇ ವರ್ಷ ಫುಜಿಕವಗುಚಿಕೊ ಪಟ್ಟಣದವರು ಅಂಗಡಿಯೊಂದರ ಹಿಂದೆ ಕಾಣುವ ಫುಜಿ ಪರ್ವತಕ್ಕೇ ಕಪ್ಪು ಪರದೆ ಕಟ್ಟಿದರು, ಫೋಟೊಗಾಗಿ ರಸ್ತೆಗೆ ನುಗ್ಗುವವರನ್ನು ತಡೆಯಲಾರದೆ. ಹೀಗೆ ಅಡ್ಡಗಟ್ಟಿದ, ನುಗ್ಗಿದ ಪ್ರವಾಸಿಗರಲ್ಲೂ ಬಹಳ ಮಂದಿಗೆ ಧನ್ಯವಾದದ ‘ಅರಿಗತೋ’ ಚೆನ್ನಾಗಿಯೇ ಬಂದಿರಬೇಕು.

ಕನ್ನಡಿಗರಿಗೆಂದೇ ಕನ್ನಡ ಲಿಪಿಯಲ್ಲಿ, ಕನ್ನಡದ ವಾಕ್ಯಕ್ರಮ ಹಿಡಿದು ಬರೆದ ಸಣ್ಣದೊಂದು ಜಪಾನೀ ಪುಸ್ತಕ ಬೇಕು. ಮುನ್ನೂರು ವಾಕ್ಯ ಬೇಡ, ನಲವತ್ತು ಪುಟ ದಾಟಬಾರದು. ಇದರಲ್ಲಿ ಅದು ಸೇರಿದೆಯಾ, ಇಲ್ಲಿಂದ ಅಲ್ಲಿವರೆಗೆ, ತಿಂದು ನೋಡಲೇ, ಇಲ್ಲಿ ಫೋಟೊ ತೆಗೆಯಬಹುದೇ: ಇಂಥ ಐದಾರು ಅಚ್ಚುಗಳು, ಅವುಗಳೊಳಗೆ ಹಾಕಿ ತೆಗೆಯಲು ಐವತ್ತು ಪದಗಳು, ಕಿವಿಗೆ ಬೀಳುವ ಇಪ್ಪತ್ತು ಪ್ರಶ್ನೆಗಳು. ಜಪಾನೀ ಬಲ್ಲ ಕನ್ನಡಿಗರು ಬೆಂಗಳೂರಿನಲ್ಲೇ ಬೇಕಾದಷ್ಟು ಮಂದಿ ಇದ್ದಾರೆ. ಅವರಲ್ಲಿ ಯಾರಾದರೂ ಇದನ್ನು ಬರೆಯಲಿ ಎಂದು ಕೇಳಿಕೊಳ್ಳುತ್ತೇನೆ. ಊಟದ ಅಧ್ಯಾಯದಲ್ಲಿ ‘ನಾನು ಸಸ್ಯಾಹಾರಿ’ ಎಂಬ ವಾಕ್ಯಕ್ಕೆ ಮೊದಲು ಕತ್ಸುಒಬುಶಿಯ ಚಿತ್ರ ಇರಲಿ, ಕೊಂಬು ಮತ್ತು ಅಣಬೆಯಿಂದಲೇ ಸಾರು ಮಾಡುವ ಬೌದ್ಧ ಮಠಗಳ ‘ಶೋಜಿನ್ ರ್ಯೋರಿ’ಯ ಹೆಸರಿರಲಿ, ಅದು ಸಿಗುವ ಕೋಯ ಬೆಟ್ಟಕ್ಕೆ ಹೋಗುವ ದಾರಿ ಇರಲಿ.