ಬಹುಚರ ಕಲನ: ಯಾವುದನ್ನು ಸ್ಥಿರವಾಗಿಟ್ಟೆವು?

ಬಿ.ಎಸ್ಸಿ. ಗಣಿತದಲ್ಲಿ ಬಹುಚರ ಕಲನ ಒಂದು ಮುಖ್ಯ ಘಟ್ಟ. ಅಲ್ಲಿಯವರೆಗೆ ವಿದ್ಯಾರ್ಥಿ ಕಂಡದ್ದು ಒಂದೇ ಚರವನ್ನು ಅವಲಂಬಿಸಿದ ಫಂಕ್ಷನ್‌ಗಳನ್ನು. ಇಲ್ಲಿ ಎರಡು ಮೂರು ಚರಗಳು ಒಟ್ಟಿಗೆ ಬದಲಾಗುತ್ತವೆ. ನಿಸರ್ಗದ ಬಹುತೇಕ ವಿದ್ಯಮಾನಗಳು ಹೀಗೆಯೇ ಇರುವುದರಿಂದ ಭೌತವಿಜ್ಞಾನಕ್ಕೆ ಈ ಕೋರ್ಸು ಅನಿವಾರ್ಯ. ಆದರೆ ಇದನ್ನು ನಾವು ಕಲಿಸುವ, ಅದಕ್ಕಿಂತ ಹೆಚ್ಚಾಗಿ ಪರೀಕ್ಷಿಸುವ ರೀತಿಯಲ್ಲಿ ದೊಡ್ಡದೊಂದು ಕೊರತೆಯಿದೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಕಾಲೇಜುಗಳನ್ನೇ ತೆಗೆದುಕೊಳ್ಳಿ. ಇವು ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಅದರ ವ್ಯಾಪ್ತಿಗೆ ಬಂದವು. ವಾರ್ಷಿಕ ಪರೀಕ್ಷೆ ಹೋಗಿ ಸೆಮಿಸ್ಟರ್ ಬಂತು. 2021-22ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024-25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿದೆವು. ಚೌಕಟ್ಟು ಇಷ್ಟು ಸಲ ಬದಲಾದರೂ ಪ್ರಶ್ನೆಗಳ ಜಾಡು ಹಳೆಯದೇ: ಆಯ್ಲರ್ ಪ್ರಮೇಯವನ್ನು ನಿರೂಪಿಸಿ ಸಾಧಿಸಿ; ಕೊಟ್ಟ ಫಂಕ್ಷನ್ನಿಗೆ ಅದನ್ನು ತಾಳೆ ನೋಡಿ; ಜಕೋಬಿಯನ್ ಕಂಡುಹಿಡಿಯಿರಿ. ಈ ಅಭ್ಯಾಸ ಬೇಡವೆಂದಲ್ಲ. ಕೈ ಪಳಗದೆ ಗಣಿತ ಬಾರದು. ಆದರೆ ಆಂಶಿಕ ನಿಷ್ಪನ್ನ, ಅಂದರೆ ಪಾರ್ಷಿಯಲ್ ಡೆರಿವೇಟಿವ್, ಬರೆಯುವಾಗ 'ಯಾವುದನ್ನು ಸ್ಥಿರವಾಗಿಟ್ಟಿದ್ದೀರಿ? ಹಾಗಿಡುವುದು ಇಲ್ಲಿ ಸರಿಯೆ?' ಎಂಬ ಪ್ರಶ್ನೆಯನ್ನು ನಾವು ಕೇಳುವುದೇ ಇಲ್ಲ.

ಈ ಪ್ರಶ್ನೆ ಎಷ್ಟು ಮುಖ್ಯವೆಂಬುದನ್ನು ಈ ಭಾಗದ ನದಿಗಳೇ ತೋರಿಸುತ್ತವೆ. ಮಳೆಗಾಲದಲ್ಲಿ ಇಲ್ಲಿನ ಪತ್ರಿಕೆಗಳು ಎರಡು ಅಂಕಿಗಳನ್ನು ಕೊಡುತ್ತವೆ: ಮಹಾರಾಷ್ಟ್ರದ ರಾಜಾಪುರ ಬ್ಯಾರೇಜಿನಿಂದ ಕೃಷ್ಣೆಗೆ ಹರಿಯುತ್ತಿರುವ ನೀರೆಷ್ಟು, ದೂಧಗಂಗೆಯಲ್ಲಿ ಬರುತ್ತಿರುವುದೆಷ್ಟು. ಎರಡೂ ಚಿಕ್ಕೋಡಿ ತಾಲ್ಲೂಕಿನ ಕಲ್ಲೋಳದ ಬಳಿ ಕೂಡುತ್ತವೆ. ಸಂಗಮಕ್ಕೆ ತುಸು ಮೇಲೆ, ದೂಧಗಂಗೆಯ ದಂಡೆಯಲ್ಲಿ ಒಂದು ಮನೆ ಇದೆಯೆನ್ನಿ. ಅಲ್ಲಿನ ನೀರಿನ ಮಟ್ಟ ಎರಡೂ ಹರಿವುಗಳ ಫಂಕ್ಷನ್. ಏಕೆಂದರೆ ಕೃಷ್ಣೆ ತುಂಬಿದರೆ ದೂಧಗಂಗೆಯ ನೀರು ಮುಂದೆ ಸಾಗದೆ ಹಿಂದಕ್ಕೆ ಒತ್ತುತ್ತದೆ.

ಲೆಕ್ಕಕ್ಕಾಗಿ ಹೀಗೆ ಊಹಿಸಿಕೊಳ್ಳಿ. ದೂಧಗಂಗೆ ಬದಲಾಗದಿದ್ದಾಗ ಕೃಷ್ಣೆಯ ಹರಿವು 1000 ಕ್ಯುಸೆಕ್ ಏರಿದರೆ ಮಟ್ಟ 2 ಸೆಂ.ಮೀ. ಏರುತ್ತದೆ, ಕೃಷ್ಣೆ ಬದಲಾಗದಿದ್ದಾಗ ದೂಧಗಂಗೆ ಅಷ್ಟೇ ಏರಿದರೆ 3 ಸೆಂ.ಮೀ. ಇವೇ ಎರಡು ಆಂಶಿಕ ನಿಷ್ಪನ್ನಗಳು. ಒಂದು ದಿನದಲ್ಲಿ ಕೃಷ್ಣೆ 10,000 ಕ್ಯುಸೆಕ್ ಏರಿತು. ಒಂದೇ ನಿಷ್ಪನ್ನವನ್ನು ಬಳಸಿದ ವಿದ್ಯಾರ್ಥಿಯ ಉತ್ತರ 20 ಸೆಂ.ಮೀ. ಆದರೆ ಎರಡು ನದಿಗಳೂ ಅದೇ ಪಶ್ಚಿಮಘಟ್ಟದ ಮಳೆಯನ್ನು ಹೊತ್ತು ತರುತ್ತವೆ. ಅಂದೇ ದೂಧಗಂಗೆಯೂ 4000 ಕ್ಯುಸೆಕ್ ಏರಿದ್ದರೆ ಇನ್ನೂ 12 ಸೆಂ.ಮೀ. ಸೇರಿ ಒಟ್ಟು ಏರಿಕೆ 32 ಸೆಂ.ಮೀ. ಆಂಶಿಕ ನಿಷ್ಪನ್ನದಲ್ಲಿ ತಪ್ಪಿಲ್ಲ. ನಾವು ಸ್ಥಿರವೆಂದುಕೊಂಡದ್ದನ್ನು ಮಳೆ ಸ್ಥಿರವಾಗಿರಲು ಬಿಡಲಿಲ್ಲ. 2005ರ ಮತ್ತು 2019ರ ಪ್ರವಾಹಗಳನ್ನು ಕಂಡ ನದಿದಂಡೆಯ ಜನರಿಗೆ, ದನಕರುಗಳನ್ನು ಯಾವಾಗ ಸಾಗಿಸಬೇಕೆಂದು ತೀರ್ಮಾನಿಸುವಾಗ, ಈ 12 ಸೆಂ.ಮೀ. ಸಣ್ಣದಲ್ಲ.

ಭೌತವಿಜ್ಞಾನದ ತರಗತಿಯಲ್ಲಿ ಇದೇ ಕೊರತೆ ಬೇರೆ ರೂಪದಲ್ಲಿ ಕಾಣುತ್ತದೆ. ಆದರ್ಶ ಅನಿಲವೊಂದರ ಒತ್ತಡ, ಗಾತ್ರ, ತಾಪ ಈ ಮೂರನ್ನು ತೆಗೆದುಕೊಳ್ಳಿ. ಗಾತ್ರದೊಂದಿಗೆ ಒತ್ತಡ, ತಾಪದೊಂದಿಗೆ ಗಾತ್ರ, ಒತ್ತಡದೊಂದಿಗೆ ತಾಪ ಬದಲಾಗುವ ಮೂರು ದರಗಳನ್ನು ಗುಣಿಸಿದರೆ ಎಷ್ಟು? ಭಿನ್ನರಾಶಿಗಳಂತೆ ಹೊಡೆದುಹಾಕಿ 1 ಎನ್ನುವವರೇ ಹೆಚ್ಚು. ಸರಿಯುತ್ತರ ಋಣ 1. ಮೊದಲನೆಯದರಲ್ಲಿ ತಾಪ, ಎರಡನೆಯದರಲ್ಲಿ ಒತ್ತಡ, ಮೂರನೆಯದರಲ್ಲಿ ಗಾತ್ರ ಸ್ಥಿರ. ಪ್ರತಿಯೊಂದರಲ್ಲೂ ಸ್ಥಿರವಾದದ್ದು ಬೇರೆಯಾದ್ದರಿಂದ ಅವು ಹೊಡೆದುಹೋಗುವುದಿಲ್ಲ. ಮ್ಯಾಕ್ಸ್‌ವೆಲ್ಲನ ನಾಲ್ಕು ಉಷ್ಣಗತಿ ಸಂಬಂಧಗಳನ್ನೂ ವಿದ್ಯಾರ್ಥಿಗಳು ಮಗ್ಗಿಯಂತೆ ಉರು ಹೊಡೆಯುತ್ತಾರೆ. ಎರಡು ಚರಗಳಿಗೆ ಯಾವ ಕ್ರಮದಲ್ಲಿ ಅವಕಲನ ಮಾಡಿದರೂ ಫಲ ಒಂದೇ ಎಂಬ ಗಣಿತ ತರಗತಿಯ ಮಾತೇ ಆ ನಾಲ್ಕರ ಬೇರು ಎಂದು ಯಾರೂ ಅವರಿಗೆ ತೋರಿಸಿರುವುದಿಲ್ಲ.

ಚಿತ್ರಗಳ ವಿಷಯವೂ ಹೀಗೆಯೇ. ಗ್ರೇಡಿಯೆಂಟ್ ಎಂದರೆ ಮೂರು ಪದಗಳ ಸೂತ್ರ ಎಂದು ಬರೆಸಿ ಮುಂದೆ ಹೋಗುತ್ತೇವೆ. ಇಳಿಜಾರು ಹೊಲಕ್ಕೆ ಬದು ಹಾಕುವ ರೈತ ಅದನ್ನು ಸಮಮಟ್ಟದಲ್ಲಿ, ನೀರು ಓಡುವ ದಿಕ್ಕಿಗೆ ಅಡ್ಡಲಾಗಿ ಹಾಕುತ್ತಾನೆ. ಬದು ಸಮೋನ್ನತ ರೇಖೆ. ಅದಕ್ಕೆ ಲಂಬವಾಗಿ ಏರುವ ದಿಕ್ಕು ಗ್ರೇಡಿಯೆಂಟ್. ನೀರು ಹರಿಯುವುದು ಅದರ ವಿರುದ್ಧ ದಿಕ್ಕಿಗೆ. ರೈತನ ಮಗಳು ಮನೆಯಲ್ಲಿ ಕಂಡ ಸಂಗತಿ ಮತ್ತು ತರಗತಿಯಲ್ಲಿ ಬರೆದುಕೊಂಡ ಸೂತ್ರ ಒಂದೇ ಎಂದು ಅವಳಿಗೆ ತಿಳಿಯದೆ ಹೋದರೆ ಆ ಕೋರ್ಸು ಅಷ್ಟರಮಟ್ಟಿಗೆ ಸೋತಂತೆ.

ಗಡಿಭಾಗದ ಅನೇಕ ವಿದ್ಯಾರ್ಥಿಗಳು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೋ ಮರಾಠಿಯಲ್ಲೋ ಕಲಿತು, ಆಮೇಲೆ ಇಂಗ್ಲಿಷಿಗೆ ಬರುತ್ತಾರೆ. ಸೂತ್ರಕ್ಕೆ ಭಾಷೆಯ ಹಂಗಿಲ್ಲವಾದ್ದರಿಂದ ಅವರು ಸೂತ್ರವನ್ನೇ ನೆಚ್ಚಿಕೊಳ್ಳುತ್ತಾರೆ, ಅಂಕಗಳನ್ನೂ ಪಡೆಯುತ್ತಾರೆ. ಇವರಲ್ಲೇ ಹಲವರು ಮುಂದೆ ಬಿ.ಎಡ್. ಮುಗಿಸಿ ಇದೇ ಊರುಗಳ ಶಾಲೆಗಳಿಗೆ ಶಿಕ್ಷಕರಾಗಿ ಬರುತ್ತಾರೆ. ಅರ್ಥವಿಲ್ಲದ ಸೂತ್ರ ಹೀಗೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟುತ್ತದೆ.

ಪರಿಹಾರಕ್ಕೆ ಹೊಸ ಪಠ್ಯಕ್ರಮವನ್ನು ಕಾಯಬೇಕಿಲ್ಲ. ಶಿಕ್ಷಕರು ಪ್ರತಿ ಆಂಶಿಕ ನಿಷ್ಪನ್ನದ ಕೆಳಗೆ ಒಂದು ವಾಕ್ಯ ಬರೆಸಲಿ: ಏನು ಬದಲಾಗುತ್ತಿದೆ, ಏನು ಸ್ಥಿರವಾಗಿದೆ, ಏಕೆ. ಕನ್ನಡದಲ್ಲಾಗಲಿ, ಮರಾಠಿಯಲ್ಲಾಗಲಿ, ಇಂಗ್ಲಿಷಿನಲ್ಲಾಗಲಿ. ಪ್ರಶ್ನೆಪತ್ರಿಕೆ ರಚಿಸುವವರು ಐದು ಅಂಕಗಳನ್ನಾದರೂ ಅಂಥ ವಾಕ್ಯಕ್ಕೆ ಮೀಸಲಿಡಲಿ. ವಿದ್ಯಾರ್ಥಿಗಳಾದ ನಿಮಗೊಂದು ಅಭ್ಯಾಸ: ಮೇಲಿನ ಮನೆಯನ್ನು ಸಂಗಮದ ಕೆಳಗೆ, ಎರಡು ನೀರೂ ಬೆರೆತು ಹರಿಯುವ ಕಡೆಗೆ ಸ್ಥಳಾಂತರಿಸಿ. ಆಗ ಆ ಎರಡು ನಿಷ್ಪನ್ನಗಳ ನಡುವೆ ಏನು ಸಂಬಂಧ ಇರಬೇಕು? ಸೂತ್ರಕ್ಕೆ ಕೈ ಹಾಕುವ ಮೊದಲು ನದಿಯ ಚಿತ್ರ ಬರೆದು ನೋಡಿ.