ಹಲಗೆ ನೆಲಕ್ಕೆ ಮಷಿನ್ ಹಚ್ಚುವ ಮುನ್ನ

ಕಟ್ಟಿಗೆ ನೆಲದ ಹುಚ್ಚು ಈಗ ನಮ್ಮ ಸೊಲ್ಲಾಪುರಕ್ಕೂ ಬಂದಿದೆ. ಆದರೆ ಅಂಗಡಿಯಲ್ಲಿ 'ವುಡನ್ ಫ್ಲೋರಿಂಗ್' ಎಂದು ತೋರಿಸುವ ಅಗ್ಗದ ಹಲಗೆಗಳನ್ನು ಒಮ್ಮೆ ಅಂಚಿನಿಂದ ನೋಡಿ. ಒತ್ತಿ ಗಟ್ಟಿ ಮಾಡಿದ ಕಟ್ಟಿಗೆ ಹೊಟ್ಟು, ಅದರ ಮೇಲೆ ಸಾಗವಾನಿಯ ಚಿತ್ರ ಅಚ್ಚಾದ ಕಾಗದ, ಕಾಗದದ ಮೇಲೊಂದು ಪಾರದರ್ಶಕ ಪದರ. ಹೆಸರು ಲ್ಯಾಮಿನೇಟ್. ಸವೆದ ಮೇಲೆ 'ಉಜ್ಜಿಸಿ ಪಾಲಿಶ್ ಹೊಡೆಸೋಣ' ಎಂದು ಮಷಿನ್ ತರಿಸಿದಿರೋ, ಮೊದಲ ಸುತ್ತಿಗೇ ಸಾಗವಾನಿ ಕಿತ್ತುಹೋಗಿ ಹೊಟ್ಟು ಹಲ್ಲು ಕಿಸಿಯುತ್ತದೆ. ಇನ್ನೊಂದು ಜಾತಿ ಎಂಜಿನಿಯರ್ಡ್ ಹಲಗೆ. ಅದರ ಮೇಲ್ಪದರ ಅಸಲಿ ಕಟ್ಟಿಗೆಯೇ. ಆ ಪದರ ಮೂರು-ನಾಲ್ಕು ಮಿಲಿಮೀಟರ್ ಇದ್ದರೆ ಒಂದೆರಡು ಸಲ ಉಜ್ಜಬಹುದು, ಅದಕ್ಕಿಂತ ತೆಳುವಾಗಿದ್ದರೆ ಮುಟ್ಟದಿರುವುದೇ ಲೇಸು. ತಲೆಮಾರುಗಟ್ಟಲೆ ಉಜ್ಜಿಸಿಕೊಂಡು ಬಾಳುವುದು ಇಡೀ ಹಲಗೆ ಮಾತ್ರ.

ಅಂಥದ್ದನ್ನು ನಮ್ಮ ಕಡೆ ನೋಡಬೇಕೆಂದರೆ ಹಳೆಯ ವಾಡೆಗಳ ಮಾಳಿಗೆ ಹತ್ತಬೇಕು. ಅಕ್ಕಲಕೋಟೆಯಲ್ಲಿ, ಸೊಲ್ಲಾಪುರದ ಹಳೇ ಪೇಟೆಗಳಲ್ಲಿ ಇನ್ನೂ ಕೆಡವದೆ ಉಳಿದ ಮನೆಗಳಲ್ಲಿ ಕೆಳಗೆ ಶಹಾಬಾದಿ ಫರಸಿ, ಮೇಲೆ ತೊಲೆಗಳ ಮೇಲೆ ಹಾಸಿದ ಸಾಗವಾನಿ ಹಲಗೆ. ಕೆಳಗೆ ಕಟ್ಟಿಗೆ ಹಾಕದವರು ಜಾಣರು. ನಮ್ಮ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಗೆದ್ದಲಿಗಂತೂ ಅದು ತವರುಮನೆ. 1871ರಲ್ಲಿ ರಾಯಚೂರು ಮುಟ್ಟಿದ ರೈಲು ಹಳಿ ಶಹಾಬಾದಿನ ಮೇಲೆಯೇ ಹಾದುಹೋದದ್ದರಿಂದ ಕಲ್ಲಿಗೂ ಬರವಿರಲಿಲ್ಲ. ಹಲಗೆಯ ಮೇಲೆ ಮಣ್ಣು ಬಡಿದು ಸಾರಿಸುತ್ತಿದ್ದ ಮಾಳಿಗೆಗಳೂ ಉಂಟು. ಅಲ್ಲಿ ಉಜ್ಜುವ ಮಾತೇ ಬರುವುದಿಲ್ಲ.

ಪಾರ್ಕೆ ಎಂಬುದು ಇದೇ ನೆಲದ ದೊಡ್ಡಮನೆಯ ಸೋದರ. ಸಣ್ಣ ಸಣ್ಣ ಕಟ್ಟಿಗೆ ತುಂಡುಗಳನ್ನು ಚಾಪೆ ಹೆಣೆದಂತೆ ಜೋಡಿಸಿದ್ದು. ಫ್ರಾನ್ಸಿನ ವರ್ಸೇಲ್ಸ್ ಅರಮನೆಯಲ್ಲಿ 1684ರಲ್ಲಿ ಅಮೃತಶಿಲೆ ಕಿತ್ತು ಪಾರ್ಕೆ ಹಾಕಿಸಿದ್ದು ಬರೀ ಅಂದಕ್ಕಲ್ಲ. ಕಲ್ಲು ತೊಳೆದ ನೀರು ಸಂದಿಯಲ್ಲಿ ಇಳಿದು ಕೆಳಗಿನ ತೊಲೆಗಳು ಕೊಳೆಯುತ್ತಿದ್ದವು. ಮುನ್ನೂರು ವರ್ಷ ಕಳೆದರೂ ನಮ್ಮವರಿಗೆ ಈ ಪಾಠ ಹತ್ತಿಲ್ಲ. ನಳದಲ್ಲಿ ದಿನಾ ನೀರು ಬಾರದ ಊರಿನಲ್ಲೂ ಹಬ್ಬ ಬಂತೆಂದರೆ ಮಾಳಿಗೆಯ ಹಲಗೆಗೆ ಬಕೆಟ್‌ಗಟ್ಟಲೆ ನೀರು ಸುರಿದು ಕಸಬರಿಗೆಯಲ್ಲಿ ತಿಕ್ಕುತ್ತಾರೆ. ಹಲಗೆ ಕರ್ರಗಾಗುವುದು ವಯಸ್ಸಿನಿಂದಲ್ಲ, ಈ ಸ್ನಾನದಿಂದ. ಹಿಂಡಿದ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಹಾಗಾದರೆ ಉಜ್ಜುವುದು ಯಾವಾಗ? ನೆಲದ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ಹನಿ ಮುತ್ತಿನ ಹಾಗೆ ನಿಂತರೆ ಮೇಲಿನ ಲೇಪ ಇನ್ನೂ ಗಟ್ಟಿಯಾಗಿದೆ, ಸುಮ್ಮನೆ ಒರೆಸಿ ಬಿಡಿ. ಕೂಡಲೇ ಹೀರಿ ಆ ಜಾಗ ಕಪ್ಪಾದರೆ ಲೇಪ ಸತ್ತಿದೆ. ಆಮೇಲೆ ಮೆಟ್ಟಿಲ ಬಾಯಿಯಲ್ಲಿ ಹಲಗೆಯ ಅಂಚು ಕಾಣುವ ಕಡೆ ಬಗ್ಗಿ ದಪ್ಪ ಅಳೆಯಿರಿ. ಪ್ರತಿ ಉಜ್ಜಿಗೂ ಅದರಲ್ಲಿ ಒಂದಿಷ್ಟು ಹೋಗುತ್ತದೆ. ಇದನ್ನು ನೋಡದೆ ಮಷಿನ್ ಬಾಡಿಗೆಗೆ ತರುವವರ ಮೇಲೆ ನನಗೆ ಸಿಟ್ಟಿದೆ. ಅಕ್ಕಲಕೋಟೆಯ ಹಿರಿಯ ಬಡಿಗೇರರೊಬ್ಬರು ಹೇಳುವುದು ಇನ್ನೊಂದು: "ಮೊದ್ಲ ಮೊಳಿ ನೋಡ್ರಿ ಸಾಹೇಬ್ರ, ಆಮ್ಯಾಲ ಮಷಿನ್ ಹಚ್ರಿ." ಮೇಲೆದ್ದ ಮೊಳೆಯನ್ನು ಒಳಗೆ ಇಳಿಸದಿದ್ದರೆ ಪೇಪರ್ ಹರಿಯುವುದಷ್ಟೇ ಅಲ್ಲ, ಹಾರಿದ ಕಿಡಿ ಹೊಟ್ಟು ತುಂಬಿದ ಚೀಲಕ್ಕೆ ಬೀಳಬಹುದು.

ಪಾಲಿಶ್ ಪೇಪರಿನ ನಂಬರು ಕಡಿಮೆಯಾದಷ್ಟೂ ಅದು ಒರಟು. 40ರಿಂದ ಶುರು ಮಾಡುವುದು ನೆಲ ತೀರಾ ಏರುಪೇರಾಗಿದ್ದರೆ ಮಾತ್ರ. ಇಲ್ಲದಿದ್ದರೆ 60, ಆಮೇಲೆ 80, ಕೊನೆಗೆ 100 ಅಥವಾ 120. ನಡುವೆ ಜಿಗಿಯಬೇಡಿ. 40ರ ಗೀರನ್ನು 100ರ ಪೇಪರ್ ಅಳಿಸಲಾರದು, ಪಾಲಿಶ್ ಬಿದ್ದ ಮೇಲೆ ಅದು ಎದ್ದು ಕಾಣುತ್ತದೆ. ಎಳೆಯ ಗುಂಟ ನಡೆಯಬೇಕು. ಪಾರ್ಕೆಯಲ್ಲಿ ಎಳೆ ಒಂದೊಂದು ತುಂಡಿಗೂ ಒಂದೊಂದು ದಿಕ್ಕಾದ್ದರಿಂದ ಮೊದಲು ಓರೆಯಾಗಿ ಹೋಗಿ ನುಣುಪು ಪೇಪರಿನಿಂದ ಸರಿಪಡಿಸುತ್ತಾರೆ. ಮಷಿನ್ನಿನ ಡ್ರಮ್ ತಿರುಗುತ್ತಿರುವಾಗ ಒಂದೇ ಕಡೆ ಕ್ಷಣ ನಿಂತರೂ ಅಲ್ಲೊಂದು ಕುಳಿ ಬೀಳುತ್ತದೆ. ಮೂಗಿಗೆ ಮಾಸ್ಕ್ ಇಲ್ಲದೆ ಈ ಕೆಲಸಕ್ಕೆ ಯಾರನ್ನೂ ಹಚ್ಚಬೇಡಿ. ಕಟ್ಟಿಗೆ ಧೂಳು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿದೆ.

ಕಾಲವೂ ಮುಖ್ಯ. ಮೇ ತಿಂಗಳ ನಲವತ್ತು ಡಿಗ್ರಿ ಬಿಸಿಲಿಗೆ ಹಲಗೆ ಕುಗ್ಗಿ ಸಂದಿ ಬಾಯಿ ಬಿಟ್ಟಿರುತ್ತದೆ. ಆಗ ಪುಟ್ಟಿ ತುಂಬಿದರೆ ಮಳೆಗಾಲದಲ್ಲಿ ಹಲಗೆ ಹಿಗ್ಗಿ ಅದನ್ನೆಲ್ಲ ಹೊರಗೆ ಉಗುಳುತ್ತದೆ. ದೀಪಾವಳಿ ಮುಗಿದು ಸಂಕ್ರಾಂತಿಯ ಸಿದ್ಧರಾಮೇಶ್ವರ ಜಾತ್ರೆ ಬರುವವರೆಗಿನ ದಿನಗಳೇ ಸರಿ.

ಲೇಪಕ್ಕೆ ನನ್ನ ಆಯ್ಕೆ ಅಗಸಿ ಎಣ್ಣೆ. ಪಿಯು, ಅಂದರೆ ಪಾಲಿಯುರೆಥೇನ್ ಲೇಪ, ಗಟ್ಟಿ, ನಿಜ. ಆದರೆ ಒಂದು ಕಡೆ ಎದ್ದರೆ ಕೋಣೆ ಪೂರ್ತಿ ಉಜ್ಜಬೇಕು. ಎಣ್ಣೆಯಾದರೆ ಸವೆದ ಕಡೆ ಮಾತ್ರ ಮತ್ತೆ ಹಚ್ಚಬಹುದು. ಅರಗಿನ ಪಾಲಿಶ್ ಬಾಗಿಲಿಗೆ, ತೂಗುಮಂಚಕ್ಕೆ ಚೆಂದ. ನೆಲಕ್ಕೆ ಬೇಡ, ನೀರು ಬಿದ್ದಲ್ಲೆಲ್ಲ ಬಿಳಿ ಕಲೆ. ಮನೆಯಲ್ಲಿದೆಯೆಂದು ಶೇಂಗಾ ಎಣ್ಣೆಯನ್ನಂತೂ ಹಚ್ಚಲೇಬೇಡಿ. ಅದು ಅಗಸಿ ಎಣ್ಣೆಯಂತೆ ಗಾಳಿಗೆ ಗಟ್ಟಿಯಾಗುವುದಿಲ್ಲ, ಜಿಗುಟಾಗಿ ಉಳಿದು ಊರ ಧೂಳನ್ನೆಲ್ಲ ಕರೆದುಕೊಳ್ಳುತ್ತದೆ. ಪೇಂಟ್ ಅಂಗಡಿಯಲ್ಲಿ 'ಡಬಲ್ ಬಾಯಿಲ್ಡ್' ಎಂದು ಕೇಳಿ ತನ್ನಿ. ತೆಳ್ಳಗೆ ಹಚ್ಚಿ, ಕಾಲು ಗಂಟೆ ಬಿಟ್ಟು ಮಿಕ್ಕದ್ದನ್ನು ಒರೆಸಿ, ಪೂರ್ತಿ ಒಣಗಿದ ಮೇಲೆ ಎರಡನೆಯ ಕೈ.

ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸಿ ಎಣ್ಣೆ ಒಣಗುವಾಗ ಕಾವು ಹುಟ್ಟುತ್ತದೆ, ಮುದ್ದೆಯೊಳಗೆ ಆ ಕಾವು ಕೂಡಿ ಬೆಂಕಿಪೊಟ್ಟಣವಿಲ್ಲದೆಯೇ ಬಟ್ಟೆ ಹೊತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿಡಿ, ಇಲ್ಲವೇ ಅಂಗಳದ ಹಗ್ಗದ ಮೇಲೆ ಬಿಡಿಬಿಡಿಯಾಗಿ ಹರವಿ ಒಣಗಿಸಿ.