ಕೂಡುವುದು ಬೇರೆ, ಹೊಂದುವುದು ಬೇರೆ

ಗದಗ ಜಿಲ್ಲೆಯ ಮುಂಡರಗಿಯ ಗ್ಯಾರೇಜೊಂದರ ಮುಂದೆ ಹಳೆಯ ಮಹೀಂದ್ರಾ ಪಿಕಪ್ಪಿನ ಬಾನೆಟ್ ಎತ್ತಿಟ್ಟಿದ್ದರು. ಅದರ ಪ್ಯೂಜೊ ಡೀಸೆಲ್ ಎಂಜಿನ್ ಹೋಗಿ, ಆ ಜಾಗದಲ್ಲಿ ಟಾಟಾ 407ರ ಎಂಜಿನ್ ಕೂತಿತ್ತು. ಹಾದಿಯಲ್ಲಿ ಹೋಗುತ್ತಿದ್ದವರೂ ನಿಂತು ಇಣುಕಿದರು. ‘ಆನಿ ಆಗೈತ್ರಿ ಈಗ, ಏನ್ ಹೇರಿದ್ರೂ ಜಗ್ಗತೈತಿ’ ಎಂದ ಮಾಲೀಕ. ಗೇರ್‌ಬಾಕ್ಸ್ ಯಾವುದು ಹಾಕಿದಿರಿ ಎಂದು ಕೇಳಿದೆ. ‘ಹಳೇದ ಐತ್ರಿ. ಪ್ಲೇಟ್ ಹೊಡಿಸಿ ಕೂಡಿಸೇವಿ’ ಎಂದರು ಮಿಸ್ತ್ರಿ. ಅಷ್ಟು ಹೊತ್ತು ನಿಂತ ಜನರಲ್ಲಿ ಒಬ್ಬರೂ ಗಾಡಿಯ ಅಡಿಗೆ ಬಗ್ಗಿ ನೋಡಲಿಲ್ಲ.

ನಮ್ಮ ಕಡೆಯ ಎಂಜಿನ್ ಬದಲಾವಣೆಯ ಕಲೆಯನ್ನು ತೂಗಬೇಕಾದರೆ ಆ ‘ಕೂಡಿಸೇವಿ’ ಎಂಬ ಮಾತಿನಿಂದಲೇ ಶುರು ಮಾಡಬೇಕು. ಕೂಡಿಸುವುದರಲ್ಲಿ ನಮ್ಮ ಮಿಸ್ತ್ರಿಗಳದು ಎತ್ತಿದ ಕೈ. ಹೊಂದಿಸುವುದರಲ್ಲಿ ಮಾತ್ರ ಸೋಲುತ್ತಿದ್ದೇವೆ.

ಈ ಕಲೆಗೆ ಒಂದು ಮರ್ಯಾದೆಯ ಇತಿಹಾಸವಿದೆ. ಮಹೀಂದ್ರಾದವರು ವಿಲ್ಲಿಸ್ ಜೀಪುಗಳನ್ನು ಇಲ್ಲಿ ಜೋಡಿಸತೊಡಗಿದ್ದು 1947ರಲ್ಲಿ. ಆ ಪೆಟ್ರೋಲ್ ಜೀಪು ಗಟ್ಟಿ, ಆದರೆ ಕುಡಿಯುವುದರಲ್ಲೂ ಜೋರು. ಪೆಟ್ರೋಲಿನ ಬೆಲೆ ಏರಿದ ಮೇಲೆ ದೇಶದ ಮೂಲೆಮೂಲೆಯ ಗ್ಯಾರೇಜುಗಳು ಆ ಎಂಜಿನ್ ಇಳಿಸಿ ಸಿಕ್ಕ ಡೀಸೆಲ್ ಎಂಜಿನ್ ಏರಿಸಿದವು. ಕಂಪನಿಯೂ ಆಮೇಲೆ ಅದೇ ಹಾದಿ ಹಿಡಿದು ಪ್ಯೂಜೊ ಡೀಸೆಲ್ ತಂದಿತು. ಮನೆ ಬಾಗಿಲಲ್ಲಿರುವ ಗಾಡಿಯನ್ನು ಗುಜರಿಗೆ ಹಾಕದೆ ಇನ್ನೊಂದು ಇಪ್ಪತ್ತು ವರ್ಷ ದುಡಿಸಿದ್ದು ಸಣ್ಣ ಮಾತಲ್ಲ. ಲೇತಿನ ಮುಂದೆ ನಿಂತು, ಕಬ್ಬಿಣದ ತಟ್ಟೆಯೊಂದರಲ್ಲಿ ಎರಡು ಬೇರೆ ಬೇರೆ ಕಂಪನಿಗಳ ಬೋಲ್ಟಿನ ತೂತುಗಳನ್ನು ಕೊರೆದು ಕೂಡಿಸುವವನ ಕೈಗೆ ನಾನು ಕೈ ಮುಗಿಯುತ್ತೇನೆ. ತಕರಾರು ಇರುವುದು ಆ ಕೈಯ ಮೇಲಲ್ಲ, ಅದಕ್ಕೂ ಮುಂಚೆ ಮಾಡದೆ ಬಿಟ್ಟ ಲೆಕ್ಕದ ಮೇಲೆ.

ಲೆಕ್ಕ ಎಂಜಿನ್ನುಗಳ ಹೆಸರಲ್ಲೇ ಇದೆ. ಪ್ಯೂಜೊದ ‘4.90’ ಎಂದರೆ ನಾಲ್ಕು ಸಿಲಿಂಡರ್, ಒಂದೊಂದರ ಬೋರು 90 ಮಿಲಿಮೀಟರ್. 407ರಲ್ಲಿರುವ ಟಾಟಾದ ‘497’ ಎಂದರೆ ನಾಲ್ಕು ಸಿಲಿಂಡರ್, 97 ಮಿಲಿಮೀಟರ್. ಸ್ಟ್ರೋಕು ಪ್ಯೂಜೊದ್ದು 83, ಟಾಟಾದ್ದು 100. ಹೀಗಾಗಿ ಮೊದಲನೆಯದು 2112 ಸಿಸಿ, ಎರಡನೆಯದು 2956 ಸಿಸಿ: ಹತ್ತಿರ ಹತ್ತಿರ ಶೇ. 40ರಷ್ಟು ದೊಡ್ಡದು. ಮಾಲೀಕನ ಕಣ್ಣಿಗೆ ಬೀಳುವುದು ಇಷ್ಟೇ. ಆದರೆ ಎರಡೂ ಎಂಜಿನ್ನುಗಳ ಸ್ವಭಾವವೇ ಬೇರೆ. ಪ್ಯೂಜೊ ಹಗುರ, ನಿಮಿಷಕ್ಕೆ 4500 ಸುತ್ತಿನ ತನಕ ಓಡಬಲ್ಲದು. 407ರದು ಲಾರಿಯ ಜಾತಿ. ಕೆಳಗಿನ ಸುತ್ತಿನಲ್ಲೇ ಜಗ್ಗುತ್ತದೆ, ಮೂರು ಸಾವಿರದ ಆಸುಪಾಸಿನಲ್ಲಿ ಅದರ ಓಟ ಮುಗಿಯುತ್ತದೆ.

ಇನ್ನು ರಸ್ತೆಗೆ ಬರೋಣ. ಡಿಫರೆನ್ಶಿಯಲ್ 4.88ರದು, ಚಕ್ರ ಒಂದು ಸುತ್ತಿಗೆ 2.2 ಮೀಟರ್ ಸಾಗುತ್ತದೆ, ಟಾಪ್ ಗೇರು ನೇರ ಒಂದಕ್ಕೊಂದು ಎಂದು ಇಟ್ಟುಕೊಳ್ಳಿ. ಗದಗ ರಸ್ತೆಯಲ್ಲಿ ತಾಸಿಗೆ 70 ಕಿಲೋಮೀಟರ್ ಹೋಗಬೇಕಾದರೆ ಎಂಜಿನ್ ನಿಮಿಷಕ್ಕೆ ಸುಮಾರು 2,590 ಸುತ್ತಬೇಕು. ಪ್ಯೂಜೊಗೆ ಅದು ನಡುಹಾದಿಯ ನಡಿಗೆ. 407ರ ಎಂಜಿನ್ನಿಗೆ ಅದು ಏದುಸಿರು, ಅದರ ಸುತ್ತಿನ ಮಿತಿಯ ಶೇ. 86ರ ಹತ್ತಿರ. ಚಿಕ್ಕ ಎಂಜಿನ್ನಿಗಾಗಿ ಲೆಕ್ಕ ಹಾಕಿ ಮಾಡಿದ ನಾಲ್ಕು ಗೇರಿನ ಪೆಟ್ಟಿಗೆಯ ಮುಂದೆ ದೊಡ್ಡ ಎಂಜಿನ್ ಇಟ್ಟರೆ ಗಾಡಿಯ ಬಲ ಹೆಚ್ಚುತ್ತದೆ, ಓಟ ಕುಗ್ಗುತ್ತದೆ. ಡೀಸೆಲ್ ಉಳಿಸಲು ಹೊರಟವನು ಪ್ರತಿ ಸಂತೆಗೂ ಎಂಜಿನ್ನನ್ನು ಕಿರುಚಿಸುತ್ತ ಹೋಗುತ್ತಾನೆ. ಇದೇ ಗಾಡಿಗೆ 0.85ರ ಐದನೇ ಗೇರು ಇದ್ದಿದ್ದರೆ ಅದೇ 70ಕ್ಕೆ 2,200 ಸುತ್ತು ಸಾಕಿತ್ತು.

‘ಹಂಗಾದ್ರ ಕ್ರೌನ್-ಪಿನಿಯನ್ ಬದಲಿ ಮಾಡಿದ್ರಾತು’ ಎನ್ನುವವರಿದ್ದಾರೆ. ಅರ್ಧ ಸರಿ. ಹಾಗೆ ಡಿಫರೆನ್ಶಿಯಲ್ಲಿನ ಅನುಪಾತ ಸಡಿಲಿಸಿದರೆ ರಸ್ತೆಯಲ್ಲಿ ಸುಖ, ಆದರೆ ಫಸ್ಟ್ ಗೇರು ಕೂಡ ಅದರ ಜೊತೆಗೇ ಸಡಿಲಾಗುತ್ತದೆ. ನಮ್ಮ ನೆಲದ ಮಾತು ಇಲ್ಲಿ ಬರಬೇಕು. ಮಳೆ ಬಿದ್ದ ಎರಿ ಹೊಲದಿಂದ ಉಳ್ಳಾಗಡ್ಡಿ ಚೀಲ ಹೇರಿಕೊಂಡು ದಂಡೆ ಏರುವಾಗ, ಡೋಣಿಯ ಕಡೆಯಿಂದ ಕಪ್ಪತಗುಡ್ಡದ ಏರು ಹತ್ತುವಾಗ ಬೇಕಾಗುವುದು ಆಮೆಯಂತಹ ಫಸ್ಟ್ ಗೇರು. ಇಲ್ಲದಿದ್ದರೆ ಹಾಫ್ ಕ್ಲಚ್ಚಿನಲ್ಲೇ ಗಾಡಿ ಏರಿಸಬೇಕು, ಒಂದು ಹಂಗಾಮಿಗೆ ಒಂದು ಕ್ಲಚ್ ಪ್ಲೇಟು ಸುಡಬೇಕು. ಮುಂಡರಗಿಯ ಪಿಕಪ್ಪಿಗೆ ಬೆಳಿಗ್ಗೆ ಹೊಲ, ಮಧ್ಯಾಹ್ನ ಗದಗದ ಮಾರುಕಟ್ಟೆ. ಕೆಳಗೆ ಆಳವೂ ಬೇಕು, ಮೇಲೆ ಉದ್ದವೂ ಬೇಕು. ಈ ಎರಡು ತುದಿಗಳ ನಡುವಿನ ಅಂತರವನ್ನು ಕೊಡಬಲ್ಲದ್ದು ಗೇರ್‌ಬಾಕ್ಸ್ ಒಂದೇ.

ಅಮೆರಿಕದವರು ಇದೇ ಪಾಠವನ್ನು ದೊಡ್ಡ ಖರ್ಚಿನಲ್ಲಿ ಕಲಿತರು. ಅಲ್ಲಿ ಪಿಕಪ್ಪಿಗೆ ‘ಬಿಗ್ ಬ್ಲಾಕ್’ ಎಂಬ ದೊಡ್ಡ ಎಂಜಿನ್ ಏರಿಸುವ ಹುಚ್ಚು ಹಳೆಯದು. ಷೆವ್ರೊಲೆಯ 454 ಎಂದರೆ 7.4 ಲೀಟರ್, ನಮ್ಮ 407ರ ಎರಡೂವರೆ ಪಟ್ಟು. ಅದರ ಬೆನ್ನಿಗೆ ಯಾವುದನ್ನು ಕಟ್ಟಬೇಕು? ಎಸ್‌ಎಂ465 ಎಂಬ ನಾಲ್ಕು ಗೇರಿನ ಪೆಟ್ಟಿಗೆಯಲ್ಲಿ ಫಸ್ಟ್ ಗೇರು 6.55, ಬಂಡೆಯನ್ನೂ ಎಳೆಯಬಲ್ಲದು. ಆದರೆ ಟಾಪ್ ಗೇರು ಒಂದಕ್ಕೊಂದು, ಹೆದ್ದಾರಿಯಲ್ಲಿ ಗೋಳು. ಟರ್ಬೊ 400 ಎಂಬ ಆಟೋಮ್ಯಾಟಿಕ್ ಎಂಥ ಎಂಜಿನ್ನಿನ ಏಟನ್ನೂ ತಡೆಯುತ್ತದೆ, ಅದಕ್ಕಿರುವುದು ಮೂರೇ ಗೇರು. ಅದೇ ವಂಶದ 4ಎಲ್80ಇ ಬಂದು 0.75ರ ನಾಲ್ಕನೇ ಗೇರು ಕೊಟ್ಟಿತು. ಎನ್‌ವಿ4500 ಎಂಬುದು 5.61ರ ಫಸ್ಟ್, 0.73ರ ಐದನೇ ಗೇರು ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟಿತು. ಅಲ್ಲಿ ವಾದವೆಲ್ಲ ನಡೆಯುವುದು ಗಾಡಿಯಿಂದ ಏನು ಕೆಲಸ ತೆಗೆಯಬೇಕು ಎಂಬುದರ ಮೇಲೆ. ನಮ್ಮಲ್ಲಿ ವಾದ ಗುಜರಿಯಲ್ಲಿ ಏನು ಸಿಕ್ಕಿತು ಎಂಬಲ್ಲಿಗೇ ಮುಗಿಯುತ್ತದೆ.

ಪ್ಲೇಟ್ ಹೊಡೆಸಿ ಕೂಡಿಸುವುದರಲ್ಲಿ ಕಣ್ಣಿಗೆ ಕಾಣದ ಇನ್ನೊಂದು ಕುತ್ತಿದೆ. ಕ್ರ್ಯಾಂಕಿನ ನಡುಬಿಂದುವೂ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ನಡುಬಿಂದುವೂ ಒಂದೇ ಗೆರೆಯಲ್ಲಿರಬೇಕು. ಮಿಲಿಮೀಟರಿನ ಹತ್ತನೇ ಪಾಲಿಗಿಂತ ಹೆಚ್ಚು ವಾರೆಯಾದರೂ ಪೈಲಟ್ ಬೇರಿಂಗು ಸವೆಯುತ್ತದೆ, ಕ್ಲಚ್ ಪೂರ್ತಿ ಬಿಡುವುದಿಲ್ಲ, ಗೇರು ತಾನಾಗಿ ಜಾರಿ ನ್ಯೂಟ್ರಲ್ಲಿಗೆ ಬರುತ್ತದೆ. ಮಾಲೀಕ ಗೇರ್‌ಬಾಕ್ಸನ್ನು ಬೈಯುತ್ತಾನೆ. ಪಾಪ, ಅದು ತಪ್ಪು ಮಾಡಿಲ್ಲ. ದೊಡ್ಡ ಡೀಸೆಲ್ಲಿನ ಒಂದೊಂದು ಸ್ಫೋಟವೂ ಹಳೆಯ ಹಲ್ಲುಗಳ ಮೇಲೆ ಸುತ್ತಿಗೆಯ ಪೆಟ್ಟು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತೆ, ನಡುವೆ ಮುರಿಯುವುದು ನೊಗ.

ಹಾಗಾದರೆ ನನ್ನ ತೀರ್ಪೇನು? ಎಂಜಿನ್ ತರುವವನು ಅದೇ ಗಾಡಿಯ ಗೇರ್‌ಬಾಕ್ಸನ್ನೂ ಕೂಡಿಯೇ ತರಲಿ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಕೀಲು ಕಾರ್ಖಾನೆಯದೇ ಇರಲಿ. ಉದ್ದದ ಪೆಟ್ಟಿಗೆ ಬಂದರೆ ಲಿವರ್ ಸೀಟಿನ ಅಡಿಗೆ ಬರಬಹುದು, ಫ್ಲೋರ್ ಕತ್ತರಿಸಬೇಕಾಗಬಹುದು, ಜಾಯಿಂಟ್ ಶಾಫ್ಟ್ ಗಿಡ್ಡ ಮಾಡಿಸಿ ಎರಡೂ ತುದಿಯ ಕ್ರಾಸ್‌ಗಳ ಕೋನ ಸರಿಗಟ್ಟಬೇಕಾಗುತ್ತದೆ. ಇವೆಲ್ಲ ಕಷ್ಟವೇ. ಆದರೆ ತಗಡಿನ ಕಷ್ಟ ಒಂದು ವಾರದ್ದು, ಹಲ್ಲಿನ ಕಷ್ಟ ಗಾಡಿ ಇರುವ ತನಕದ್ದು. ಹಿಂದಿನ ಆಕ್ಸಲ್ಲೂ ಬ್ರೇಕೂ ಹಳೆಯವೇ ಉಳಿಯುವುದರಿಂದ, ಎಂಜಿನ್ ದೊಡ್ಡದಾಯಿತೆಂದು ಹೇರು ದೊಡ್ಡದು ಮಾಡಬಾರದು. ‘ಏನ್ ಹೇರಿದ್ರೂ’ ಎಂಬ ಮಾತು ಇಡೀ ಕೆಲಸದ ಅತಿ ದುರ್ಬಲ ಕೀಲು.

ಕಾಯ್ದೆಯ ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಂಪನಿ ಕೊಟ್ಟ ವಿವರಕ್ಕೆ ಹೊರತಾದ ಬದಲಾವಣೆಗೆ ಅಡ್ಡ ನಿಲ್ಲುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ನಮ್ಮ ಕೆಎ-26ರ ನೋಂದಣಿ ಕಾಗದದಲ್ಲಿ ಒಂದು ಎಂಜಿನ್ ನಂಬರು, ಬಾನೆಟ್ಟಿನಡಿ ಇನ್ನೊಂದು ಇದ್ದರೆ, ಅಪಘಾತದ ದಿನ ವಿಮೆಯವರು ಮೊದಲು ಓದುವುದು ಅದನ್ನೇ. ಆರ್‌ಟಿಒ ಒಪ್ಪಿಗೆ ಇಲ್ಲದ ಚೆಂದದ ಕೆಲಸವೂ ಕಳ್ಳ ಕೆಲಸವೇ.

ಹೊಂದಿಸುವುದು ಎಂದರೇನು ಎಂಬುದಕ್ಕೆ ಉದಾಹರಣೆ ನಮ್ಮ ಕಣ್ಣೆದುರೇ ಇದೆ. ಕಪ್ಪತಗುಡ್ಡದ ಸಾಲಿನ ಗಾಳಿಯಂತ್ರಗಳನ್ನು ನಾವು ದಿನವೂ ನೋಡುತ್ತೇವೆ. ನೋಡುವುದು ರೆಕ್ಕೆಯನ್ನು. ಕೆಲವು ಮಾದರಿಗಳಲ್ಲಿ ರೆಕ್ಕೆಯ ನಿಧಾನ ಸುತ್ತನ್ನು ಜನರೇಟರಿನ ವೇಗಕ್ಕೆ ಏರಿಸಲು ಹಿಂದೆ ಗೇರ್‌ಬಾಕ್ಸ್ ಇರುತ್ತದೆ. ಇನ್ನು ಕೆಲವಕ್ಕೆ ಗೇರ್‌ಬಾಕ್ಸೇ ಇಲ್ಲ, ನಿಧಾನ ಸುತ್ತಿಗೆ ತಕ್ಕಂತೆ ಜನರೇಟರನ್ನೇ ದೊಡ್ಡದಾಗಿ ಕಟ್ಟಿರುತ್ತಾರೆ. ದಾರಿ ಯಾವುದೇ ಇರಲಿ, ರೆಕ್ಕೆಗೂ ಜನರೇಟರಿಗೂ ಲೆಕ್ಕ ಒಟ್ಟಿಗೇ ಆಗಿರುತ್ತದೆ.

ಆ ಪಿಕಪ್ಪಿನಲ್ಲಿ ಒಮ್ಮೆ ಗದಗಿಗೆ ಹೋದೆ. ಹಿಂದೆ ಉಳ್ಳಾಗಡ್ಡಿ ಚೀಲ, ಮುಂದೆ ಖಾಲಿ ರಸ್ತೆ. ಊರು ದಾಟಿ ಗಾಡಿ ವೇಗ ಹಿಡಿಯುತ್ತಲೇ ಎಂಜಿನ್ನಿನ ಸದ್ದು ಮಾತು ಕೇಳದಷ್ಟು ಏರಿತು. ಮಾಲೀಕನ ಎಡಗೈ ಗೇರಿನ ಲಿವರಿಗೆ ಹೋಯಿತು, ಅದನ್ನು ಹಿಡಿದು ಒಂದು ಗಳಿಗೆ ಹಾಗೇ ನಿಂತಿತು. ಆಮೇಲೆ ಸುಮ್ಮನೆ ಸ್ಟೀರಿಂಗಿಗೆ ಮರಳಿತು. ಹಾಕಲು ಇನ್ನೊಂದು ಗೇರು ಇರಲಿಲ್ಲ.